ಪಾಳ್ವಣಕರ ಬಾಳೂ: ನಾಯಕಪಟ್ಟ ಸಿಗದ ಆಟಗಾರ

ಧಾರವಾಡವೆಂದೊಡನೆ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ನೆನಪಾಗುವುದು ಬೇಂದ್ರೆಯವರ ಸಾಧನಕೇರಿ, ವಿದ್ಯಾವರ್ಧಕ ಸಂಘ ಮತ್ತು ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರುಗಳು. ಆ ಊರಿನ ಮಹನೀಯರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಹೆಸರೊಂದಿದೆ, ಪಾಳ್ವಣಕರ ಬಾಳೂ. ಭಾರತದ ಮೊದಲ ದೊಡ್ಡ ಬೌಲರ್ ಎಂದು ಕ್ರಿಕೆಟ್ ಚರಿತ್ರಕಾರರು ಒಪ್ಪಿಕೊಂಡಿರುವ ಈ ಆಟಗಾರ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಅದು ಧಾತು ಸಂವತ್ಸರದ ಬರ ಕಾಲಿಟ್ಟ ವರ್ಷ. ಆಗಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು ಸೀಮೆಯ ಹಳ್ಳಿಗಳನ್ನೂ ಅತ್ತ ಧಾರವಾಡದ ಸೀಮೆಯನ್ನೂ ಒಟ್ಟಿಗೆ ಬಡಿದ ಬರವದು.

ಹೆಸರಿನಿಂದಲೇ ಆರಂಭಿಸಬಹುದು. ಮರಾಠಿಯಲ್ಲಿ ಊರ ಹೆಸರಿಗೆ ‘ಕರ’ ಎಂಬ ಪ್ರತ್ಯಯ ಹಚ್ಚಿದರೆ ಆ ಊರಿನವನು ಎಂದರ್ಥ. ರತ್ನಾಗಿರಿ ಸೀಮೆಯ ಪಾಳ್ವಣ ಈ ಮನೆತನದ ಮೂಲ ಊರು. ‘ಬಾಳ’ ಎಂದರೆ ಮಗು, ‘ಬಾಳೂ’ ಎಂಬುದು ಅದರ ಮುದ್ದಿನ ರೂಪ. ಜಾತಿಯಿಂದ ಮರಾಠಿಯವರು ಚಾಂಭಾರ ಎನ್ನುವ, ಕನ್ನಡದ ಹಳ್ಳಿಗಳಲ್ಲಿ ಸಮಗಾರ ಎನ್ನುವ ಚರ್ಮಕಾರರು. ಚರ್ಮ ಹದಮಾಡುವ ಕುಲದವನು ಊರ ಬಾವಿಗೆ ಕೈಯಿಡಲಾಗದ ಕಾಲವದು. ಅದೇ ಚರ್ಮವನ್ನು ಗುಂಡಗೆ ಹೊಲಿದು ಕೆಂಪು ಬಣ್ಣ ಹಚ್ಚಿದರೆ ಮಾತ್ರ ಎಲ್ಲರೂ ಕೈಯಲ್ಲಿ ಹಿಡಿಯುತ್ತಿದ್ದರು. ಬಾಳೂ ಅವರ ಇಡೀ ಬದುಕು ಈ ವಿಚಿತ್ರದ ಸುತ್ತಲೇ ಸುತ್ತಿತು.

ತಂದೆಗೆ ಸೇನೆಯ ಸಂಬಂಧದ ಉದ್ಯೋಗ. ಆ ಕಾರಣದಿಂದ ಕುಟುಂಬ ಪುಣೆಗೆ ಬಂದಿತು. ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಡಿದ ಹಳೆಯ ಬ್ಯಾಟು, ಸವೆದ ಚೆಂಡುಗಳೇ ಬಾಳೂ ಮತ್ತು ತಮ್ಮ ಶಿವರಾಮನಿಗೆ ಮೊದಲ ಪಾಠಪುಸ್ತಕ. ಓದು ಹೆಚ್ಚು ಮುಂದುವರಿಯಲಿಲ್ಲ. ಹುಡುಗನಿಗೆ ಮೊದಲು ಸಿಕ್ಕ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರ ಅಂಕಣ ಗುಡಿಸಿ, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ಅದೇ ಬಗೆಯ ಕೆಲಸ ದೊರೆಯಿತು, ಸಂಬಳ 4 ರೂಪಾಯಿಗೆ ಏರಿತು. ಬಲೆ ಕಟ್ಟುವುದು, ಅಂಕಣ ಸಮ ಮಾಡುವುದು, ಸುಣ್ಣದ ಗೆರೆ ಎಳೆಯುವುದು, ಬಿಡುವಾದಾಗ ಅಧಿಕಾರಿಗಳ ಅಭ್ಯಾಸಕ್ಕೆ ಚೆಂಡೆಸೆಯುವುದು.

ಈ ಕೊನೆಯ ಕೆಲಸವೇ ಅವನನ್ನು ಬೌಲರ್ ಆಗಿ ರೂಪಿಸಿತು. ಪೂನಾ ಕ್ಲಬ್ಬಿನ ಮುಖ್ಯ ದಾಂಡಿಗ ಜೆ.ಜಿ. ಗ್ರೆಗ್ ಸೇನಾಧಿಕಾರಿ. ಕುಳ್ಳನಾದರೂ ಬಲಿಷ್ಠ ಆಟಗಾರ, ಇಂಗ್ಲೆಂಡಿನಲ್ಲಿ ಹ್ಯಾಂಪ್‌ಶೈರ್ ಪರವಾಗಿ ಆಡಿದವನು. ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು, ಬಾಳೂವಿನಿಂದ ಗಂಟೆಗಟ್ಟಲೆ ಚೆಂಡೆಸೆಯಿಸಿಕೊಂಡು ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟ್ ಮಾಡಿದಾಗಲೆಲ್ಲ ಹುಡುಗನಿಗೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆ ಪುಣೆಯಲ್ಲಿ ಬಹುಕಾಲ ಹರಿದಾಡಿತು. ಕಥೆ ನಿಜವಾಗಿದ್ದರೆ, ವಾರಕ್ಕೆರಡು ಸಲ ಗ್ರೆಗ್ ಔಟಾದರೂ ತಿಂಗಳ ಸಂಬಳದಷ್ಟೇ ಹಣ ಬೇರೆಯಾಗಿ ಕೈಗೆ ಬರುತ್ತಿತ್ತು. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಆ ಕ್ಲಬ್ಬಿನಲ್ಲಿ ಬಾಳೂ ಎಸೆದ ಚೆಂಡುಗಳಿಗೆ ಲೆಕ್ಕವಿಲ್ಲ, ಬ್ಯಾಟು ಹಿಡಿಯಲು ಮಾತ್ರ ಒಮ್ಮೆಯೂ ಅವಕಾಶ ಸಿಗಲಿಲ್ಲ. ಬ್ಯಾಟಿಂಗ್ ಸಾಹೇಬರ ಕಲೆ, ಬೌಲಿಂಗ್ ಆಳಿನ ದುಡಿಮೆ ಎಂಬ ವಿಂಗಡಣೆ ಇಂಗ್ಲೆಂಡಿನಿಂದಲೇ ಬಂದದ್ದು. ವರ್ಣಭೇದ ಬಲ್ಲ ನಮ್ಮ ದೇಶದಲ್ಲಿ ಅದು ಸುಲಭವಾಗಿ ಬೇರೂರಿತು.

ಬಾಳೂ ಎಡಗೈ ನಿಧಾನಗತಿಯ ಸ್ಪಿನ್ ಬೌಲರ್. ಇಂಥವರ ಚೆಂಡು ಬಲಗೈ ದಾಂಡಿಗನ ಕಾಲ ಕಡೆ ಬಿದ್ದು, ಅವನಿಂದ ದೂರ ಸರಿಯುತ್ತದೆ. ಒಂದೇ ನಡಿಗೆ, ಒಂದೇ ತೋಳಬೀಸು ಇಟ್ಟುಕೊಂಡು ಚೆಂಡಿನ ಎತ್ತರವನ್ನೂ ವೇಗವನ್ನೂ ಬದಲಿಸುತ್ತ ಹೋದರೆ ದಾಂಡಿಗನ ಲೆಕ್ಕ ತಪ್ಪುತ್ತದೆ. ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತಿರುವ ಅಂಕಣದಲ್ಲಂತೂ ಇಂಥ ಬೌಲರನನ್ನು ಎದುರಿಸುವುದು ಬಲು ಕಷ್ಟ. ಈ ವಿದ್ಯೆಯನ್ನು ಬಾಳೂಗೆ ಕಲಿಸಿದ ಗುರುವಿಲ್ಲ. ದಿನವೂ ತಾನೇ ರೋಲರ್ ಎಳೆದ ನೆಲದ ಮೇಲೆ, ಪ್ರತಿದಿನ ಅದೇ ನಿಪುಣ ದಾಂಡಿಗನ ಎದುರು ನಿಂತು ಕಲಿತದ್ದು.

ಪುಣೆಯ ಹಿಂದೂಗಳ ಕ್ರಿಕೆಟ್ ಕ್ಲಬ್ಬು ಯುರೋಪಿಯನ್ನರಿಗೆ ಸವಾಲೆಸೆಯಬೇಕೆಂದು ಹವಣಿಸುತ್ತಿದ್ದ ದಿನಗಳವು. ಊರಿನ ಅತ್ಯುತ್ತಮ ಬೌಲರ್ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು, ಅವನ ಜಾತಿಯೂ ಗೊತ್ತಿತ್ತು. ಸದಸ್ಯರಲ್ಲಿ ಎರಡು ಪಕ್ಷಗಳಾದವು. ಬಾಳೂವನ್ನು ಸೇರಿಸಿಕೊಳ್ಳಬೇಕೆಂದವರು ಪುಣೆಯಲ್ಲಿ ನೆಲೆಸಿದ್ದ ಕೆಲವು ತೆಲುಗು ಸದಸ್ಯರು, ಬೇಡವೆಂದವರು ಸ್ಥಳೀಯ ಬ್ರಾಹ್ಮಣರು. ಊರಿನ ನಂಟಸ್ತಿಕೆಯ ಬಲೆಗೆ ಸಿಕ್ಕದ ಹೊರಗಿನವರಿಗೆ ಆಟಗಾರನ ಕೈ ಮೊದಲು ಕಂಡಿರಬೇಕು. ಎರಡು ಮೂರು ಭಾಷೆಗಳ ನಡುವೆ ಬದುಕುವ ಆದೋನಿಯ ಓದುಗರಿಗೆ ಇದು ಅಚ್ಚರಿಯ ಮಾತಾಗಲಾರದು. ಕೊನೆಗೆ ಗ್ರೆಗ್ ಪತ್ರಿಕೆಯ ಮೂಲಕ, ಇಂಥ ಬೌಲರನನ್ನು ಹೊರಗಿಟ್ಟರೆ ಹಿಂದೂಗಳಂಥ ಮೂಢರಿಲ್ಲ ಎಂಬರ್ಥದ ಅಭಿಪ್ರಾಯ ಹೇಳಿದ ಮೇಲೆ ಬಾಗಿಲು ತೆರೆಯಿತು.

ಮೈದಾನದ ಬಾಗಿಲಷ್ಟೇ ತೆರೆಯಿತು. ಆಟದಲ್ಲಿ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ಬಿಡುವಿನಲ್ಲಿ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆ. ಮುಖ ತೊಳೆಯಲು ನೀರು ಹಾಕುವುದಕ್ಕೆ ಅವರ ಜಾತಿಯಂಥದೇ ಜಾತಿಯ ಆಳು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಸಾತಾರೆಯ ಬಿಳಿಯರ ಜಿಮಖಾನಾವನ್ನು ಹಿಂದೂಗಳು ಸೋಲಿಸಿದ ಪಂದ್ಯದಲ್ಲಿ ಬಾಳೂ 7 ವಿಕೆಟ್ ಪಡೆದ ಬಳಿಕ ಅವರಿಗೆ ಮಾಲೆ ಬಿದ್ದಿತು, ಮೆರವಣಿಗೆ ನಡೆಯಿತು. ಜೊತೆಗೆ ಆಡುವವರು ಜೊತೆಗೆ ಉಣ್ಣಬಾರದೇಕೆಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಆಡಿಕೊಳ್ಳುವವರ ಬಾಯಿ ಕಟ್ಟಿದರು. ತಿಲಕರೂ ಸಾರ್ವಜನಿಕ ಸಭೆಯಲ್ಲಿ ಬಾಳೂ ಅವರನ್ನು ಗೌರವಿಸಿದರು.

ಶತಮಾನದ ಕೊನೆಯ ವರ್ಷಗಳಲ್ಲಿ ಬಾಳೂ ಮುಂಬಯಿಗೆ ಬಂದರು. ಅಲ್ಲಿನ ಕ್ರಿಕೆಟ್ಟಿನ ವ್ಯವಸ್ಥೆಯನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ತಂಡಗಳು ಊರು ಪ್ರಾಂತಗಳ ಹೆಸರಿನಲ್ಲಿರಲಿಲ್ಲ, ಮತಗಳ ಹೆಸರಿನಲ್ಲಿದ್ದವು. ಯುರೋಪಿಯನ್ನರದೊಂದು, ಪಾರ್ಸಿಗಳದೊಂದು, ಹಿಂದೂಗಳದೊಂದು, ಮುಂದೆ ಮುಸ್ಲಿಮರದೊಂದು. ಹಿಂದೂ ತಂಡವನ್ನು ಆರಿಸುತ್ತಿದ್ದುದು ಹಿಂದೂ ಜಿಮಖಾನಾ, ಅಂದರೆ ವರ್ಗಣಿ ಕೊಡಬಲ್ಲ ಸಿರಿವಂತ ಮೇಲ್ಜಾತಿಗಳ ಸದಸ್ಯರ ಸಮಿತಿ. ಆರಿಸುವವನ ಅಳಿಯನೋ ಮಿತ್ರನ ಮಗನೋ ಆಟಗಾರನಾಗಿದ್ದರೆ ಅದನ್ನು ಪ್ರಶ್ನಿಸುವ ಮೇಲಿನ ಅಧಿಕಾರವೇ ಇರಲಿಲ್ಲ. ಆಟಕ್ಕೆ ಸಂಬಳವೂ ಇಲ್ಲ. ಹಾಗಾಗಿ ಆಸ್ತಿಯಿಲ್ಲದ ಆಟಗಾರ ಬದುಕಬೇಕಾದರೆ ರೈಲ್ವೆ ಕಂಪನಿಯೋ ಮಹಾರಾಜನೋ ನೌಕರಿ ಕೊಡಬೇಕು. ಬಾಳೂ ಅವರಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ರೈಲ್ವೆ ತಂಡಕ್ಕೆ ಆಡಿದರು. ಜಿಮಖಾನಾದ ಕೆಲವು ಸದಸ್ಯರು ವಿರೋಧಿಸಿದರೂ ಹಿಂದೂ ತಂಡಕ್ಕೆ ಅವರನ್ನು ಆರಿಸದೆ ವಿಧಿಯಿರಲಿಲ್ಲ, ಏಕೆಂದರೆ ಗೆಲ್ಲಬೇಕಾಗಿತ್ತು.

1906ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದರು. ಎರಡು ಇನ್ನಿಂಗ್ಸುಗಳಿಂದ ಬಾಳೂ ಪಡೆದ ವಿಕೆಟ್ 8. ತಮ್ಮ ಶಿವರಾಮನೂ ಆ ತಂಡದಲ್ಲಿದ್ದನು. ಸ್ವದೇಶಿ ಚಳವಳಿಯ ಬಿಸಿಯ ನಡುವೆ ಬಂದ ಈ ಗೆಲುವನ್ನು ದೇಶವೇ ತನ್ನದೆಂದುಕೊಂಡಿತು. ಸಮಾಜ ಸುಧಾರಕರಿಗೆ ಕಂಡದ್ದು ಇನ್ನೊಂದು ಗೆಲುವು. ಅಷ್ಟು ಹೊತ್ತಿಗೆ ತಂಡದ ಬ್ರಾಹ್ಮಣರು ಬಾಳೂ ಸೋದರರ ಪಕ್ಕದಲ್ಲಿ ಕುಳಿತು ಊಟ ಮಾಡತೊಡಗಿದ್ದರು. ಮಣ್ಣಿನ ಕುಡಿಕೆ ಹಿಂದೆ ಬಿದ್ದಿತ್ತು.

1911ರಲ್ಲಿ ಅಖಿಲ ಭಾರತದ ಹೆಸರಿನಲ್ಲಿ ಮೊದಲ ತಂಡ ಇಂಗ್ಲೆಂಡಿಗೆ ಹೊರಟಿತು. ಅದರ ಆಯ್ಕೆ ನಡೆದ ಬಗೆ ವಿವರವಾಗಿ ನೋಡುವಂಥದು. ಸ್ಥಾನಗಳನ್ನು ಮತವಾರು ಹಂಚಿದರು. ಪಾರ್ಸಿಗಳು 6, ಹಿಂದೂಗಳು 5, ಮುಸ್ಲಿಮರು 3. ಹಿಂದೂಗಳ ಐವರಲ್ಲಿ ಬಾಳೂ, ಶಿವರಾಮ, ಬೆಂಗಳೂರಿನ ಜಯರಾಮ್ ಇದ್ದರು. ನಾಯಕ? ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು ಇನ್ನೂ ಹತ್ತೊಂಬತ್ತು. ಆಡಲು ಬಾರದವನೇನಲ್ಲ, ಆದರೆ ನಾಯಕಪಟ್ಟ ಬಂದದ್ದು ಆಟದಿಂದಲ್ಲ, ಸಿಂಹಾಸನದಿಂದ. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷವದು. ಮಹಾರಾಜರಿಗೆ ಅಲ್ಲಿ ಔತಣಗಳೇ ಸಾಕಷ್ಟಿದ್ದವು. ಕೆಲವೇ ಪಂದ್ಯಗಳನ್ನಾಡಿ ಅವರು ಮರೆಯಾದರು. ತಂಡದ ಒಳ್ಳೆಯ ದಾಂಡಿಗ ಕೆ.ಎಂ. ಮಿಸ್ತ್ರಿ ಮಹಾರಾಜರ ಆಪ್ತ ನೌಕರನಾದ ಕಾರಣ ಅವನನ್ನೂ ಜೊತೆಗೆ ಕರೆದೊಯ್ದರು.

ಉಳಿದವರು ಮಳೆ ಚಳಿಗಳಲ್ಲಿ ಆಡಿ ಸೋತರು. ಪ್ರಥಮ ದರ್ಜೆಯ 14 ಪಂದ್ಯಗಳಲ್ಲಿ ಸೋಲು 10, ಗೆಲುವು 2. ಈ ಸೋಲಿನ ರಾಶಿಯ ನಡುವೆ 35 ವರ್ಷದ ಬಾಳೂ ಪ್ರವಾಸದ ಎಲ್ಲ ಪಂದ್ಯಗಳಿಂದ ನೂರಕ್ಕೂ ಮಿಕ್ಕಿ ವಿಕೆಟ್ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 8 ವಿಕೆಟ್. ಗೆದ್ದ ಎರಡು ಪಂದ್ಯಗಳು ಲೆಸ್ಟರ್‌ಶೈರ್ ಮತ್ತು ಸಾಮರ್ಸೆಟ್ ವಿರುದ್ಧ. ಸಾಮರ್ಸೆಟ್ ಪಂದ್ಯವನ್ನು ಒಂದೇ ವಿಕೆಟ್ ಉಳಿದಿದ್ದಾಗ ದಡ ಮುಟ್ಟಿಸಿದ್ದು ಶಿವರಾಮನ ಶತಕ.

ಇಲ್ಲೊಂದು ಪ್ರಶ್ನೆಯನ್ನು ಎದುರಿಸಲೇಬೇಕು. ಬಾಳೂ, ಶಿವರಾಮ, ಗಣಪತ, ವಿಠ್ಠಲ, ಹೀಗೆ ಒಂದೇ ಮನೆಯ ನಾಲ್ವರು ಹಿಂದೂ ತಂಡಕ್ಕೆ ಆಡಿದರು. ಇದೂ ಸ್ವಜನಪಕ್ಷಪಾತವಲ್ಲವೆ? ಅಣ್ಣನ ಹೆಸರು ತಮ್ಮಂದಿರಿಗೆ ಮೆಟ್ಟಿಲಾಗಲಿಲ್ಲವೆ? ಆಯಿತೆಂದೇ ಒಪ್ಪಬೇಕು. ಅಣ್ಣ ತಂದ ಚೆಂಡು, ಅಣ್ಣ ಹೇಳಿಕೊಟ್ಟ ಹಿಡಿತ, ಅಣ್ಣನಿಗೆ ಪರಿಚಿತವಾದ ಮೈದಾನ ತಮ್ಮಂದಿರಿಗೆ ದಕ್ಕಿದವು. ಮನೆಯೊಳಗೆ ವಿದ್ಯೆ ಹರಿದು ಬರುವುದನ್ನು ಯಾವ ನಿಯಮವೂ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ. ಆದರೆ ಆಯ್ಕೆ ಸಮಿತಿಯಲ್ಲಿ ಪಾಳ್ವಣಕರರ ಬಂಧುಗಳಾರೂ ಇರಲಿಲ್ಲ. ಅಣ್ಣ ತಮ್ಮನಿಗೆ ಕೊಡಬಹುದಾದದ್ದು ವಿದ್ಯೆ, ಸ್ಥಾನವಲ್ಲ. ಸ್ಥಾನವನ್ನು ಶಿವರಾಮ ಸಾಮರ್ಸೆಟ್ಟಿನಲ್ಲಿಯೂ ವಿಠ್ಠಲ ಮುಂಬಯಿಯಲ್ಲಿಯೂ ತಾವೇ ಗಳಿಸಬೇಕಾಯಿತು. ಪಟಿಯಾಲಾದ ಮಹಾರಾಜರಿಗೆ ವಂಶ ಕೊಟ್ಟದ್ದು ನೇರವಾಗಿ ಸ್ಥಾನವನ್ನೇ. ನಂಟಸ್ತಿಕೆಯ ಮಾತು ಬಂದಾಗ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ.

ಪ್ರವಾಸದಿಂದ ಮರಳಿದ ಬಾಳೂ ಅವರಿಗೆ ಮುಂಬಯಿಯ ದಲಿತ ಸಮುದಾಯಗಳು ಸನ್ಮಾನ ಏರ್ಪಡಿಸಿದವು. ಆ ಸಮಾರಂಭದ ಮಾನಪತ್ರವನ್ನು ಸಿದ್ಧಪಡಿಸಿದವನು ಕಾಲೇಜಿನ ವಿದ್ಯಾರ್ಥಿ, ಇಪ್ಪತ್ತು ವರ್ಷದ ಭೀಮರಾವ್ ಅಂಬೇಡ್ಕರ್ ಎಂದು ಹೇಳಲಾಗುತ್ತದೆ. ಆ ದಿನಗಳಲ್ಲಿ ಅಂಬೇಡ್ಕರರಿಗೆ ಬಾಳೂ ಆದರ್ಶಪುರುಷ.

1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಪಂದ್ಯಾವಳಿ ಚತುಷ್ಕೋನವಾಯಿತು. ಹಿಂದೂ ತಂಡದಲ್ಲಿ ಅನುಭವದಿಂದಲೂ ಸಾಧನೆಯಿಂದಲೂ ಹಿರಿಯರು ಬಾಳೂ. ನಾಯಕತ್ವ ಮಾತ್ರ ವರ್ಷ ವರ್ಷವೂ ಬೇರೆಯವರಿಗೆ ಹೋಯಿತು. ಹೆಚ್ಚು ಕಾಲ ನಾಯಕರಾಗಿದ್ದ ಎಂ.ಡಿ. ಪೈ ಸಾರಸ್ವತ ಬ್ರಾಹ್ಮಣರು, ಸಜ್ಜನರು. ತಮ್ಮ ಸನ್ಮಾನದ ಸಭೆಯಲ್ಲಿಯೇ ಈ ಪಟ್ಟ ನ್ಯಾಯವಾಗಿ ಬಾಳೂ ಅವರಿಗೆ ಸಲ್ಲಬೇಕಾದದ್ದೆಂದು ಒಪ್ಪಿಕೊಂಡವರು. ಆದರೆ ಒಬ್ಬ ಸಜ್ಜನನ ಒಪ್ಪಿಗೆ ಸಮಿತಿಯ ನಿರ್ಣಯವಲ್ಲ. ಬೌಲರ್ ಆಗಿ ಬಾಳೂ ಬೇಕು, ಅಪ್ಪಣೆ ಕೊಡುವವನಾಗಿ ಬೇಡ. ಪೂನಾ ಕ್ಲಬ್ಬಿನ ಹಳೆಯ ವಿಂಗಡಣೆಯೇ ಬಟ್ಟೆ ಬದಲಿಸಿ ಬಂದಿತ್ತು.

1920ರಲ್ಲಿ ಸಹನೆಯ ಕಟ್ಟೆ ಒಡೆಯಿತು. ಮೊದಲ ಪಂದ್ಯಕ್ಕೆ ಪೈ ಲಭ್ಯರಿರಲಿಲ್ಲ. ಆ ಒಂದು ಪಂದ್ಯಕ್ಕಾದರೂ ನಾಯಕತ್ವ ಬಾಳೂ ಅವರಿಗೆ ಬರಬೇಕಾಗಿತ್ತು. ಸಮಿತಿ ಪುಣೆಯ ಡಿ.ಬಿ. ದೇವಧರರನ್ನು ನಾಯಕರನ್ನಾಗಿ ಆರಿಸಿ, ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಿತು. ದೇವಧರರು ಸಂಸ್ಕೃತದ ಪ್ರಾಧ್ಯಾಪಕರು, ಮುಂದೆ ಭಾರತದ ಕ್ರಿಕೆಟ್ಟಿಗೆ ಹಿರಿಯಜ್ಜನಂತಾದ ದೊಡ್ಡ ದಾಂಡಿಗರು. ಅವರ ಯೋಗ್ಯತೆಯನ್ನು ಕುಗ್ಗಿಸಿ ಬಾಳೂ ಅವರನ್ನು ಎತ್ತಬೇಕಾಗಿಲ್ಲ. 44 ವರ್ಷದ ಬೌಲರನನ್ನು ವಯಸ್ಸಿನ ಕಾರಣಕ್ಕೆ ಬಿಟ್ಟರೆಂದು ಸಮಿತಿಯ ಪರವಾಗಿ ಹೇಳಬಹುದು. ಹತ್ತು ವರ್ಷಗಳ ಹಿಂದೆ, ಬಾಳೂ ಬೌಲಿಂಗಿನ ಶಿಖರದಲ್ಲಿದ್ದಾಗ ಪಟ್ಟ ಏಕೆ ಬರಲಿಲ್ಲ ಎಂಬುದಕ್ಕೆ ಆ ಉತ್ತರ ಸಾಲದು. ಬಾಳೂ ಅವರನ್ನು ಬಿಟ್ಟಮೇಲೂ ಶಿವರಾಮ, ವಿಠ್ಠಲರು ಉಳಿದಿದ್ದರು. ಅವರಿಬ್ಬರೂ ದೇವಧರರಿಗಿಂತ ಹಿರಿಯ ಅನುಭವಿಗಳು.

ಇಬ್ಬರು ತಮ್ಮಂದಿರೂ ತಂಡದಿಂದ ಹಿಂದೆ ಸರಿದರು. ಸುಮ್ಮನೆ ಸರಿಯಲಿಲ್ಲ. ಅಣ್ಣನನ್ನು ಜಾತಿಯ ಕಾರಣಕ್ಕೆ ದೂರವಿಟ್ಟಿರುವುದೇ ತಮ್ಮ ನಿರ್ಧಾರಕ್ಕೆ ಕಾರಣವೆಂದು ಬಹಿರಂಗ ಪತ್ರ ಬರೆದರು. ಗಾಂಧೀಜಿ ಅಸಹಕಾರದ ಜೊತೆಗೆ ಅಸ್ಪೃಶ್ಯತೆಯ ಮಾತನ್ನೂ ಎತ್ತಿದ್ದ ಕಾಲ. ಪತ್ರ ಊರೆಲ್ಲ ಚರ್ಚೆಯಾಯಿತು, ಜಿಮಖಾನಾ ಮುಜುಗರಕ್ಕೆ ಸಿಲುಕಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದಾಗ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆಸಿಕೊಂಡರು, ತಮ್ಮಂದಿರೂ ಬಂದರು. ಆಟದ ನಡುವೆ ಪೈ ಕೆಲಹೊತ್ತು ಬೇಕೆಂದೇ ಮೈದಾನದಿಂದ ಹೊರಗೆ ನಡೆದರು. ಅಷ್ಟು ಹೊತ್ತು ತಂಡವನ್ನು ನಡೆಸಿದವರು ಬಾಳೂ. ಬದುಕಿಡೀ ಆಡಿದ್ದಕ್ಕೆ ಸಿಕ್ಕ ನಾಯಕತ್ವ ಅಷ್ಟೆ, ಅದೂ ದಾಕ್ಷಿಣ್ಯದ ರೂಪದಲ್ಲಿ.

ಮೂರು ವರ್ಷಗಳ ಬಳಿಕ, 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಆ ವರ್ಷವೇ ಅಂತಿಮ ಪಂದ್ಯದಲ್ಲಿ ಯುರೋಪಿಯನ್ನರನ್ನು ಸೋಲಿಸಿದಾಗ ಮೇಲ್ಜಾತಿಯ ಹಿಂದೂಗಳೇ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ತಮ್ಮನ ಕೈಗೆ ಪಟ್ಟ ಬಂದದ್ದು ಅಣ್ಣನ ಪ್ರಭಾವದಿಂದಲ್ಲ, ಅಣ್ಣನಿಗಾದ ಅನ್ಯಾಯದ ನೆನಪು ಸಮಿತಿಯನ್ನು ಬಿಡದೆ ಕಾಡಿದ್ದರಿಂದ ಎನ್ನಬಹುದು. ವಿಠ್ಠಲರು ಈ ಎಲ್ಲವನ್ನೂ ತಮ್ಮ ಮರಾಠಿ ಆತ್ಮಕಥೆ ‘ಮಾಝೇ ಕ್ರೀಡಾಜೀವನ’ದಲ್ಲಿ ಬರೆದಿಟ್ಟರು.

ಆಂಧ್ರದ ಓದುಗರು ಇದರ ಜೊತೆಗೆ 1936ನ್ನೂ ನೆನೆಯಬಹುದು. ಆ ವರ್ಷ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ತೆಲುಗು ಮನೆತನದ ಸಿ.ಕೆ. ನಾಯುಡು ಇದ್ದರು. ಭಾರತದ ಮೊದಲ ಟೆಸ್ಟಿನ ನಾಯಕರು ಅವರು, ಬಾಳೂ ಅವರ ಕೊನೆಯ ವರ್ಷಗಳಲ್ಲಿ ಹಿಂದೂ ತಂಡಕ್ಕೆ ಬಂದ ತರುಣ ದಾಂಡಿಗರು. ಆದರೆ ನಾಯಕಪಟ್ಟ ಸಿಕ್ಕಿದ್ದು ವಿಜಯನಗರಂ ರಾಜಮನೆತನದ ಮಹಾರಾಜಕುಮಾರರಿಗೆ. ಹಣ, ಆತಿಥ್ಯ, ದರ್ಬಾರಿನ ಪರಿಚಯಗಳಿಂದ ಪಡೆದ ಪಟ್ಟವದು. ಮೂರು ಟೆಸ್ಟುಗಳಲ್ಲಿ ಆ ನಾಯಕ ಮಾಡಿದ ಒಟ್ಟು ರನ್ 33. ಒಬ್ಬನಿಗೆ ವಂಶ ಅಡ್ಡಗೋಡೆ, ಇನ್ನೊಬ್ಬನಿಗೆ ಹೆಬ್ಬಾಗಿಲು. ಎರಡೂ ಕಡೆ ಆಟವನ್ನು ನೋಡಬೇಕಾದವರು ಹುಟ್ಟನ್ನು ನೋಡಿದರು.

ಆಟ ಮುಗಿದ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೊಬ್ಬರು. ಪ್ರತ್ಯೇಕ ಮತದಾರ ವರ್ಗದ ಪ್ರಶ್ನೆಯಲ್ಲಿ ಅವರು ಗಾಂಧೀಜಿಯ ಪಕ್ಷ ವಹಿಸಿದ್ದರು. ಒಂದು ಕಾಲದಲ್ಲಿ ತಮಗೆ ಮಾನಪತ್ರ ಬರೆದ ಅಂಬೇಡ್ಕರರ ಎದುರಾಳಿಯಾಗಿ 1937ರಲ್ಲಿ ಕಾಂಗ್ರೆಸ್ಸಿನಿಂದ ಮುಂಬಯಿ ವಿಧಾನಸಭೆಗೆ ನಿಂತರು. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ಈ ಸ್ಪರ್ಧೆಯನ್ನು ಓದುವಾಗ ಮನಸ್ಸು ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ತಡವರಿಸುತ್ತದೆ. ಒಳಗೆ ಕರೆಯಿಸಿಕೊಂಡು ಬದಲಾವಣೆ ತರಬಹುದೆಂದು ಬಾಳೂ ನಂಬಿದ್ದರು, ಅವರ ಬದುಕಿನ ಅನುಭವ ಹಾಗೆ ಹೇಳಿತ್ತು. ಅದೇ ಬದುಕನ್ನು ಅಂಬೇಡ್ಕರರೂ ಹತ್ತಿರದಿಂದ ನೋಡಿದ್ದರು. ಅವರು ಕಂಡದ್ದು ಬಹುಶಃ ಕೊಡದೆ ಉಳಿಸಿಕೊಂಡ ನಾಯಕಪಟ್ಟವನ್ನು.

1955ರ ಜುಲೈ ತಿಂಗಳಲ್ಲಿ ಬಾಳೂ ಮುಂಬಯಿಯಲ್ಲಿ ತೀರಿಕೊಂಡರು. ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿ ಆಗ ಎರಡು ವರ್ಷವಾಗುತ್ತ ಬಂದಿತ್ತು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಲು ಇನ್ನೊಂದು ವರ್ಷವಿತ್ತು. ಕ್ರಿಕೆಟ್ಟಿನ ದಾಖಲೆ ಪುಸ್ತಕಗಳಲ್ಲಿ ಅವರ ಹೆಸರಿನ ಮುಂದೆ ಪ್ರಥಮ ದರ್ಜೆಯ 33 ಪಂದ್ಯಗಳಿವೆ, ವಿಕೆಟ್ 179, ವಿಕೆಟ್ಟಿಗೆ ಕೊಟ್ಟ ರನ್ ಸರಾಸರಿ 15ಕ್ಕೆ ತುಸು ಮೇಲೆ. ಪೈ ಹೊರಗೆ ನಡೆದ ಆ ಕೆಲಹೊತ್ತಿಗೆ ಆ ಪುಸ್ತಕಗಳಲ್ಲಿ ಕಲಮು ಇಲ್ಲ.